ಮೈಕೇಲ್ ಫ್ಯಾರಡೆ ಮಹಾಶಯನು: ಲೋಕೋಪಕಾರಿಯಾದ ವಿಜ್ಞಾನ ಬೋಧಕನು

ವಿದ್ಯೆಯು ಕೊಟ್ಟಷ್ಟೂ ಬೆಳೆಯುವ ಧನವೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಸಂಗೀತವಾಗಲಿ ಸಾಹಿತ್ಯವಾಗಲಿ ಒಬ್ಬರಿಂದೊಬ್ಬರಿಗೆ ಸುಲಭವಾಗಿ ಹರಿದುಹೋಗುತ್ತದೆ. ಮನೆಯೊಳಗೆ ಹಾಡಿದ ಹಾಡು ಬೀದಿಯವರ ಕಿವಿಗೂ ಬೀಳುತ್ತದೆ. ವಿಜ್ಞಾನವೆಂಬ ವಿದ್ಯೆಯಾದರೋ ಹಾಗಲ್ಲ. ಅದು ಪ್ರಯೋಗಶಾಲೆಯ ಬೀರುಗಳಲ್ಲಿ ಬೀಗಮುದ್ರೆಯೊಳಗೆ ಕುಳಿತುಬಿಡುವ ಸಂಭವವು ಬಹಳ. ಪರೀಕ್ಷೆಗಾಗಿ ಕಂಠಪಾಠವಾಗಿ, ಪರೀಕ್ಷೆ ಮುಗಿದ ಮರುದಿನವೇ ಮರೆತುಹೋಗುವ ದುರದೃಷ್ಟವೂ ಅದಕ್ಕೆ ಉಂಟು. ಪ್ರೌಢಶಾಲೆಯ ವಿಜ್ಞಾನ ಶಾಖೆಯು ಏನನ್ನು ಕಲಿಸಬೇಕು, ಹೇಗೆ ಕಲಿಸಬೇಕು, ಕಲಿತದ್ದು ಶಾಲೆಯ ಗೋಡೆಯಾಚೆಯ ಜನರಿಗೆ ಹೇಗೆ ಸಲ್ಲಬೇಕು ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಒಬ್ಬ ಮಹನೀಯನ ಜೀವಿತದಲ್ಲಿ ಹುಡುಕುವುದು ಲೇಸೆಂದು ನಾವು ಭಾವಿಸುತ್ತೇವೆ. ಆದಕಾರಣ ಈ ಸ್ಮರಣ ಸಂಚಿಕೆಯ ವಾಚಕರ ಮುಂದೆ ಮೈಕೇಲ್ ಫ್ಯಾರಡೆಯ ಚರಿತ್ರೆಯನ್ನು ಸಂಕ್ಷೇಪವಾಗಿ ಇಡುತ್ತಿದ್ದೇವೆ. ಈತನು ಯಾವ ಪ್ರೌಢಶಾಲೆಯಲ್ಲಿಯೂ ಉಪಾಧ್ಯಾಯನಾಗಿರಲಿಲ್ಲ. ಯಾವ ಪ್ರೌಢಶಾಲೆಯಲ್ಲಿಯೂ ಓದಿದವನೂ ಅಲ್ಲ. ಆದರೂ ವಿಜ್ಞಾನವನ್ನು ಬೋಧಿಸುವವರೆಲ್ಲರೂ ಈತನಿಂದ ಕಲಿಯಬೇಕಾದುದು ಬಹಳವಿದೆ.

ಫ್ಯಾರಡೆಯು 1791ನೆಯ ಇಸವಿ ಸೆಪ್ಟೆಂಬರ್ 22ರಂದು ಲಂಡನ್ ನಗರದ ಸಮೀಪದಲ್ಲಿ, ಥೇಮ್ಸ್ ನದಿಯ ದಕ್ಷಿಣಕ್ಕಿದ್ದ ನ್ಯೂಯಿಂಗ್‌ಟನ್ ಎಂಬಲ್ಲಿ ಜನಿಸಿದನು. ತಂದೆಯಾದ ಜೇಮ್ಸನು ಕಮ್ಮಾರ ವೃತ್ತಿಯವನು. ಆರೋಗ್ಯವು ಕೆಟ್ಟುದರಿಂದ ಸರಿಯಾಗಿ ದುಡಿಯಲಾರದವನಾಗಿದ್ದನು. ತಾಯಿಯಾದ ಮಾರ್ಗರೆಟ್ಟಳು ನಾಲ್ವರು ಮಕ್ಕಳನ್ನು ಕಡುಬಡತನದಲ್ಲಿಯೇ ಸಾಕಿದಳು. ಧಾನ್ಯದ ಬೆಲೆಯು ಏರಿದ್ದ 1801ರ ವರ್ಷದಲ್ಲಿ ಬಾಲಕನ ಪಾಲಿಗೆ ಬಂದ ಒಂದು ರೊಟ್ಟಿಯು ಒಂದು ವಾರದವರೆಗೆ ಸಾಕಾಗಬೇಕಾಗಿತ್ತು. ಓದು, ಬರಹ, ಅಲ್ಪಸ್ವಲ್ಪ ಲೆಕ್ಕ, ಇಷ್ಟೇ ಈತನಿಗೆ ದೊರೆತ ಶಾಲಾವಿದ್ಯೆ. ಹದಿಮೂರನೆಯ ವಯಸ್ಸಿನಲ್ಲಿ ಈತನು ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಯಲ್ಲಿ ಹೊರಕೆಲಸದ ಹುಡುಗನಾಗಿ ಸೇರಿ, ವೃತ್ತಪತ್ರಿಕೆಗಳನ್ನು ಮನೆಮನೆಗೆ ಮುಟ್ಟಿಸುತ್ತಿದ್ದನು. ಮರುವರ್ಷ ಅದೇ ಅಂಗಡಿಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕಸಬನ್ನು ಕಲಿಯಲು ಏಳು ವರ್ಷಗಳ ಕರಾರಿನ ಮೇಲೆ ನಿಂತನು.

ಅನ್ಯರ ಪುಸ್ತಕಗಳಿಗೆ ಹೊಲಿಗೆ ಹಾಕುತ್ತ ಹಾಕುತ್ತ ಆ ಹುಡುಗನು ಅವುಗಳನ್ನು ಓದತೊಡಗಿದನು. ಯಜಮಾನನು ಅದನ್ನು ತಡೆಯದೆ ಪ್ರೋತ್ಸಾಹಿಸಿದುದು ಲೋಕದ ಪುಣ್ಯವೇ ಸರಿ. ಹೀಗೆ ಈತನ ಕೈಗೆ ಬಂದ ಪುಸ್ತಕಗಳಲ್ಲಿ ಎರಡು ಮುಖ್ಯವಾದವು. ಒಂದು, ಬ್ರಿಟಾನಿಕ ವಿಶ್ವಕೋಶದಲ್ಲಿದ್ದ ವಿದ್ಯುಚ್ಛಕ್ತಿಯ ಲೇಖನ. ಇನ್ನೊಂದು, ಜೇನ್ ಮಾರ್ಸೆಟ್ ಎಂಬ ಮಹಿಳೆಯು ರಸಾಯನಶಾಸ್ತ್ರವನ್ನು ಕುರಿತು ಸಂಭಾಷಣೆಯ ರೂಪದಲ್ಲಿ ಬರೆದ ಗ್ರಂಥ. ಈ ಎರಡನೆಯದನ್ನು ನಮ್ಮ ವಿದ್ಯಾರ್ಥಿನಿಯರು ವಿಶೇಷವಾಗಿ ನೆನಪಿಡಬೇಕು. ಆಕೆಯು ಸರ್ ಹಂಫ್ರಿ ಡೇವಿ ಎಂಬ ಪ್ರಖ್ಯಾತ ರಸಾಯನ ಪಂಡಿತನ ಉಪನ್ಯಾಸಗಳನ್ನು ಕೇಳಿ, ಮೊದಮೊದಲು ಅವು ಅರ್ಥವಾಗದಿರಲು, ತಿಳಿದವರೊಡನೆ ಮಾತನಾಡಿ ಸಂದೇಹಗಳನ್ನು ಪರಿಹರಿಸಿಕೊಂಡಳು. ತಾನು ಪಟ್ಟ ತೊಡಕನ್ನು ಇತರ ಸ್ತ್ರೀಯರು ಪಡಬಾರದೆಂದು, ಒಬ್ಬ ಉಪಾಧ್ಯಾಯಿನಿಯೂ ಇಬ್ಬರು ಹುಡುಗಿಯರೂ ಪ್ರಶ್ನೋತ್ತರ ನಡೆಸುವಂತೆ ಆ ಪುಸ್ತಕವನ್ನು ರಚಿಸಿದಳು. 1806ರಲ್ಲಿ ಅದು ಕರ್ತೃವಿನ ಹೆಸರಿಲ್ಲದೆಯೇ ಪ್ರಕಟವಾಯಿತು. ಹುಡುಗಿಯರಿಗಾಗಿ ಬರೆದ ಆ ಪುಸ್ತಕವು ರಟ್ಟು ಕಟ್ಟುವ ಬಡಹುಡುಗನನ್ನು ವಿಜ್ಞಾನದ ಹಾದಿಗೆ ತಂದಿತು. ಅದರಲ್ಲಿ ಹೇಳಿದ ಸಂಗತಿಗಳನ್ನು ಫ್ಯಾರಡೆಯು ಸುಮ್ಮನೆ ನಂಬಲಿಲ್ಲ. ಕೈಗೆ ದಕ್ಕುವ ಕೆಲವು ಪೆನ್ನಿಗಳಲ್ಲಿ ಸೀಸೆ ಮೊದಲಾದ ಸಾಮಾನುಗಳನ್ನು ಕೊಂಡು, ಸಾಧ್ಯವಾದಷ್ಟನ್ನು ತಾನೇ ಮಾಡಿ ನೋಡಿದನು. ಕೀರ್ತಿಶಾಲಿಯಾದ ಮೇಲೆಯೂ ಈತನು ಆ ಮಹಿಳೆಯನ್ನು ತನ್ನ ಮೊದಲ ಗುರುವೆಂದು ಗೌರವಿಸಿ, ತನ್ನ ಲೇಖನಗಳನ್ನು ಆಕೆಗೆ ಕಾಣಿಕೆಯಾಗಿ ಕಳುಹಿಸುತ್ತಿದ್ದನು.

1810ರಲ್ಲಿ ಟೇಟಮ್ ಎಂಬವರು ತಮ್ಮ ಮನೆಯಲ್ಲಿ ಸಾಯಂಕಾಲದ ಹೊತ್ತು ಪದಾರ್ಥವಿಜ್ಞಾನದ ಉಪನ್ಯಾಸಗಳನ್ನು ಕೊಡುತ್ತಿರುವ ಸುದ್ದಿಯು ಫ್ಯಾರಡೆಗೆ ತಿಳಿಯಿತು. ಒಂದೊಂದು ಉಪನ್ಯಾಸಕ್ಕೂ ಒಂದು ಷಿಲಿಂಗು ಪ್ರವೇಶಧನ. ಕಮ್ಮಾರ ಕೆಲಸದಲ್ಲಿದ್ದ ಅಣ್ಣ ರಾಬರ್ಟನು ತನ್ನ ದುಡಿಮೆಯಿಂದ ತಮ್ಮನಿಗೆ ಆ ಹಣವನ್ನು ಕೊಟ್ಟನು. 1812ರಲ್ಲಿ ರೀಬೋವಿನ ಅಂಗಡಿಗೆ ಬರುತ್ತಿದ್ದ ಡಾನ್ಸ್ ಎಂಬ ಗೃಹಸ್ಥರು ಈ ಹುಡುಗನ ಆಸಕ್ತಿಯನ್ನು ಕಂಡು, ಡೇವಿಯ ಉಪನ್ಯಾಸಗಳನ್ನು ಕೇಳಲು ಚೀಟಿಗಳನ್ನು ಕೊಡಿಸಿದರು. ನಾಲ್ಕು ಉಪನ್ಯಾಸಗಳನ್ನು ಕೇಳಿದ ಫ್ಯಾರಡೆಯು ಅವನ್ನೆಲ್ಲ ಅಂದವಾಗಿ ಬರೆದು, ಚಿತ್ರಗಳನ್ನು ಸೇರಿಸಿ, ತಾನೇ ರಟ್ಟು ಕಟ್ಟಿ, ಕೆಲಸವನ್ನು ಬೇಡುವ ಪತ್ರದೊಡನೆ ಆ ಪಂಡಿತನಿಗೇ ಕಳುಹಿಸಿದನು. ಅದರ ಫಲವಾಗಿ 1813ರ ಮಾರ್ಚ್ ತಿಂಗಳಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ಸಂಸ್ಥೆಯಲ್ಲಿ ವಾರಕ್ಕೆ 25 ಷಿಲಿಂಗುಗಳ ಸಂಬಳದ ಮೇಲೆ ಪ್ರಯೋಗಶಾಲೆಯ ಸಹಾಯಕನಾದನು. ಆ ಸಂಸ್ಥೆಯು ವಿಜ್ಞಾನವನ್ನು ಜನಜೀವನದ ಸಾಮಾನ್ಯ ಪ್ರಯೋಜನಗಳಿಗೆ ಹಚ್ಚಬೇಕೆಂಬ ಉದ್ದೇಶದಿಂದ 1799ರಲ್ಲಿ ಸ್ಥಾಪಿತವಾದುದು. ಫ್ಯಾರಡೆಯ ಬಾಳೆಲ್ಲವೂ ಅಲ್ಲಿಯೇ ಸವೆಯಿತು. ಒಬ್ಬ ಮಹಿಳೆಯ ಪುಸ್ತಕ, ಅಣ್ಣನ ಷಿಲಿಂಗು, ಪರಿಚಿತನೊಬ್ಬನ ಚೀಟಿ, ಇವು ಮೂರೂ ಕೂಡಿ ಈ ಬಾಗಿಲನ್ನು ತೆರೆದುವು. ಆ ಉಪಕಾರವನ್ನು ಈತನು ಮರೆಯಲಿಲ್ಲವೆಂಬುದಕ್ಕೆ ಮುಂದಿನ ಜೀವಿತವೇ ಸಾಕ್ಷಿ.

ಈತನು ಕಂಡುಹಿಡಿದ ಸಂಗತಿಗಳನ್ನೆಲ್ಲ ಇಲ್ಲಿ ವಿವರಿಸಲು ಅವಕಾಶವಿಲ್ಲ. 1821ರಲ್ಲಿ ವಿದ್ಯುತ್ತು ಹರಿಯುವ ತಂತಿಯು ಅಯಸ್ಕಾಂತವನ್ನು ಸುತ್ತುವಂತೆ ಮಾಡಿ ತೋರಿಸಿದನು. 1825ರಲ್ಲಿ ಬೆಂಜೀನ್ ಎಂಬ ವಸ್ತುವನ್ನು ಬೇರ್ಪಡಿಸಿದನು. 1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಯೊಂದಕ್ಕೆ ಎರಡು ಕಡೆ ತಂತಿಯ ಸುರುಳಿಗಳನ್ನು ಸುತ್ತಿ, ಒಂದರಲ್ಲಿ ವಿದ್ಯುತ್ಪ್ರವಾಹವನ್ನು ಬಿಟ್ಟಾಗಲೂ ನಿಲ್ಲಿಸಿದಾಗಲೂ ಮತ್ತೊಂದರಲ್ಲಿ ಕ್ಷಣಕಾಲ ಪ್ರವಾಹವು ಹುಟ್ಟುವುದನ್ನು ಕಂಡನು. ಅದೇ ಅಕ್ಟೋಬರಿನಲ್ಲಿ ತಂತಿಯ ಸುರುಳಿಯೊಳಕ್ಕೆ ಅಯಸ್ಕಾಂತವನ್ನು ನೂಕಿದ ಮಾತ್ರದಿಂದಲೇ ವಿದ್ಯುತ್ತನ್ನು ಪಡೆದನು. ಇಂದು ನೀರಿನ ಬಲದಿಂದ ಚಕ್ರ ತಿರುಗಿಸಿ ವಿದ್ಯುತ್ತನ್ನು ಹುಟ್ಟಿಸುವ ಯಂತ್ರಗಳಿಗೆಲ್ಲ ಇದೇ ಮೂಲ. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದುದೂ, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದುದೂ ಆ ತತ್ವದಿಂದಲೇ. ಹೀಗಿರಲು ಕನ್ನಡನಾಡಿನವರಾದ ನಾವು ಈತನನ್ನು ಪರದೇಶದವನೆಂದು ದೂರವಿಡುವಂತಿಲ್ಲ.

ಈಗ ಈತನ ಬೋಧನಾ ವಿಧಾನವನ್ನು ನೋಡೋಣ. ಚೆನ್ನಾಗಿ ಬೋಧಿಸುವ ಶಕ್ತಿಯು ಹುಟ್ಟಿನಿಂದಲೇ ಬರುವುದೆಂದು ಹಲವರು ತಿಳಿದಿರುವುದುಂಟು. ಫ್ಯಾರಡೆಯು ಅದನ್ನು ದುಡಿದು ಸಂಪಾದಿಸಿದನು. ಇಪ್ಪತ್ತೊಂದು ವರ್ಷದ ಸಹಾಯಕನಾಗಿದ್ದಾಗಲೇ, ತಾನು ಕೇಳಿದ ಉಪನ್ಯಾಸಕರ ಗುಣದೋಷಗಳನ್ನು ಗಮನಿಸಿ, ಸಭಾಗೃಹದ ಗಾಳಿ ಬೆಳಕು, ಸಲಕರಣೆಗಳ ಗಾತ್ರ, ಮಾತಿನ ವೇಗ, ಕೇಳುವವರ ತಾಳ್ಮೆಯ ಮಿತಿ ಇವೆಲ್ಲವನ್ನೂ ಕುರಿತು ಗೆಳೆಯನಿಗೆ ದೀರ್ಘವಾದ ಪತ್ರಗಳನ್ನು ಬರೆದನು. ಒಂದು ಗಂಟೆಗಿಂತ ಹೆಚ್ಚಾಗಿ ಉಪನ್ಯಾಸವು ಬೆಳೆಯಕೂಡದೆಂಬುದು ಈತನ ಅಭಿಪ್ರಾಯವಾಗಿತ್ತು. ತಾನೇ ಉಪನ್ಯಾಸಕನಾದಾಗ, ಉಚ್ಚಾರಣೆಯನ್ನು ಕಲಿಸುವ ಗುರುವಿನ ಬಳಿ ಹಣ ತೆತ್ತು ಪಾಠ ಹೇಳಿಸಿಕೊಂಡನು. ಸ್ನೇಹಿತನೊಬ್ಬನನ್ನು ಸಭೆಯಲ್ಲಿ ಕುಳ್ಳಿರಿಸಿ ತನ್ನ ತಪ್ಪುಗಳನ್ನು ಗುರುತು ಹಾಕಿಕೊಳ್ಳುವಂತೆ ಬೇಡಿಕೊಂಡನು. ಮಾತು ಅವಸರವಾದರೆ, ಹೊತ್ತು ಮೀರಿದರೆ, ಎಚ್ಚರಿಸುವ ಚೀಟಿಯನ್ನು ಕಣ್ಣೆದುರಿಗೆ ಇಡಿಸಿಕೊಳ್ಳುತ್ತಿದ್ದನು. ಜಗತ್ಪ್ರಸಿದ್ಧನಾದವನು ಇಷ್ಟು ವಿನಯದಿಂದ ತನ್ನನ್ನು ತಿದ್ದಿಕೊಂಡನೆಂದ ಮೇಲೆ, ವರ್ಷವರ್ಷವೂ ಅದೇ ಪಾಠವನ್ನು ಹೇಳುವ ನಮ್ಮಂಥವರಿಗೆ ಸಿದ್ಧತೆಯು ಬೇಡವೆನ್ನುವುದು ಹೇಗೆ?

ಸಂಸ್ಥೆಯ ಬಾಗಿಲನ್ನು ಜನರಿಗೆ ತೆರೆಯುವುದಕ್ಕಾಗಿ ಈತನು ಎರಡು ಏರ್ಪಾಟುಗಳಲ್ಲಿ ಶ್ರಮಿಸಿದನು. ಮೊದಲನೆಯದು ಶುಕ್ರವಾರದ ಸಾಯಂಕಾಲದ ಉಪನ್ಯಾಸಗಳು. ಎರಡನೆಯದು ಕ್ರಿಸ್ಮಸ್ ರಜದಲ್ಲಿ ಮಕ್ಕಳಿಗಾಗಿ ನಡೆಯುವ ಉಪನ್ಯಾಸಮಾಲೆ. ಈ ಎರಡನೆಯದು 1825ರಲ್ಲಿ ಮೊದಲಾಯಿತು. 1827ರಿಂದ 1861ರ ಜನವರಿಯ ವರೆಗೆ ಹತ್ತೊಂಬತ್ತು ಸಲ ಫ್ಯಾರಡೆಯೇ ಆ ಮಾಲೆಯನ್ನು ನಡೆಸಿಕೊಟ್ಟನು. ಹುಡುಗರೊಂದಿಗೆ ಹುಡುಗಿಯರೂ ಬಂದು ಕೇಳುತ್ತಿದ್ದರು. 1855ರ ಕ್ರಿಸ್ಮಸ್ ಕಾಲದಲ್ಲಿ ರಾಣಿಯ ಪತಿಯಾದ ಆಲ್ಬರ್ಟನು ತನ್ನ ಇಬ್ಬರು ಮಕ್ಕಳೊಡನೆ ಬಂದು ಕುಳಿತನು. ದೊಡ್ಡ ಪಂಡಿತರ ಸಭೆಗೆ ಹೋಗುವಾಗ ಮಾಡಿಕೊಳ್ಳುವಷ್ಟೇ ಸಿದ್ಧತೆಯನ್ನು ಈತನು ಮಕ್ಕಳ ಸಭೆಗೂ ಮಾಡಿಕೊಳ್ಳುತ್ತಿದ್ದನು. ಆ ಸಂಪ್ರದಾಯವು 1939ರಿಂದ 1942ರ ವರೆಗಿನ ಯುದ್ಧದ ವರ್ಷಗಳಲ್ಲಿ ಮಾತ್ರ ನಿಂತಿತ್ತು.

ಈ ಮಾಲೆಗಳಲ್ಲಿ ಅತಿ ಪ್ರಸಿದ್ಧವಾದುದು ಮೇಣದ ಬತ್ತಿಯನ್ನು ಕುರಿತದ್ದು. 1848ರ ಕೊನೆಯಲ್ಲಿಯೂ ಮತ್ತೆ 1860ರ ಕೊನೆಯಲ್ಲಿಯೂ ಈತನು ಈ ವಿಷಯವನ್ನೇ ಆರಿಸಿಕೊಂಡು, ಆರಾರು ಉಪನ್ಯಾಸಗಳನ್ನು ಕೊಟ್ಟನು. ಎರಡನೆಯ ಸಲದವು 1861ರಲ್ಲಿ ಪುಸ್ತಕರೂಪವಾಗಿ ಹೊರಬಂದುವು. ಅಪೂರ್ವವಾದ ಯಾವ ವಸ್ತುವನ್ನೂ ತರದೆ, ಬಡವರ ಮನೆಯಲ್ಲಿಯೂ ಇರುವ ಒಂದು ಬತ್ತಿಯಿಂದ ಪ್ರಕೃತಿಯ ನಿಯಮಗಳನ್ನು ಎಳೆಎಳೆಯಾಗಿ ಬಿಡಿಸಿ ತೋರಿಸಿದನು. ಕರಗಿದ ಮೇಣವು ಬತ್ತಿಯ ನೂಲನ್ನು ಹಿಡಿದು ಹೇಗೆ ಮೇಲಕ್ಕೇರುವುದು, ಮೇಲೇರಿ ಹೇಗೆ ಆವಿಯಾಗುವುದು, ಉರಿಯುವುದು ಆ ಆವಿಯೇ ಎಂಬುದನ್ನು ಹೇಗೆ ತಿಳಿಯಬಹುದು ಎಂದು ಒಂದೊಂದಾಗಿ ಕೇಳಿ ಒಂದೊಂದಕ್ಕೂ ಪ್ರಯೋಗವನ್ನೇ ಉತ್ತರವಾಗಿ ಕೊಟ್ಟನು. ಆಗತಾನೇ ಆರಿಸಿದ ಬತ್ತಿಯಿಂದೇಳುವ ಹೊಗೆಗೆ ಉರಿಯುವ ಕಡ್ಡಿಯನ್ನು ತುಸು ದೂರದಲ್ಲಿಯೇ ಹಿಡಿದರೆ, ಬೆಂಕಿಯು ಹೊಗೆಯ ಮಾರ್ಗದಲ್ಲಿ ಓಡಿ ಬತ್ತಿಯನ್ನು ಮತ್ತೆ ಹೊತ್ತಿಸುವುದು. ತಣ್ಣನೆಯ ಪಾತ್ರೆಯನ್ನು ಜ್ವಾಲೆಯ ಮೇಲೆ ಹಿಡಿದರೆ ನೀರಿನ ಹನಿಗಳು ಕಟ್ಟುವುವು. ಜ್ವಾಲೆಯೊಳಗೆ ತಟ್ಟೆಯನ್ನು ತೂರಿಸಿದರೆ, ನಮ್ಮ ಮನೆಗಳಲ್ಲಿ ತಾಯಂದಿರು ಕಾಡಿಗೆ ಕಟ್ಟುವಂತೆ, ಮಸಿಯು ಕೂಡುವುದು. ಆ ಮಸಿಯ ಕಣಗಳು ಕಾದು ಹೊಳೆಯುವುದರಿಂದಲೇ ದೀಪಕ್ಕೆ ಬೆಳಕು. ಉರಿದಾಗ ಹುಟ್ಟುವ ಗಾಳಿಯನ್ನು ಸುಣ್ಣದ ತಿಳಿನೀರಿಗೆ ಕೂಡಿಸಿದರೆ ಅದು ಹಾಲಿನಂತೆ ಬೆಳ್ಳಗಾಗುವುದು. ನಮ್ಮ ಉಸಿರನ್ನು ಊದಿದರೂ ಹಾಗೆಯೇ ಆಗುವುದು. ಹೀಗೆ ಉರಿಯುವ ದೀಪಕ್ಕೂ ಉಸಿರಾಡುವ ದೇಹಕ್ಕೂ ಇರುವ ಸಾಮ್ಯವನ್ನು ಈತನು ಮಕ್ಕಳ ಕಣ್ಣಿಗೇ ಕಾಣಿಸಿಕೊಟ್ಟನು. ತಾಂಬೂಲದ ಸುಣ್ಣವನ್ನು ನೀರಿನಲ್ಲಿ ಕದಡಿ ತಿಳಿಯಾಗಲು ಬಿಟ್ಟರೆ ಈ ಪ್ರಯೋಗಕ್ಕೆ ಬೇಕಾದ ದ್ರವವು ನಮ್ಮೂರಿನಲ್ಲಿಯೂ ಸಿದ್ಧ. ಸಲಕರಣೆಗಳಿಲ್ಲವೆಂಬ ನೆಪವು ಈ ಗುರುವಿನ ಮುಂದೆ ನಿಲ್ಲಲಾರದು.

ಕಂಡದ್ದನ್ನು ಕಂಡಂತೆ ಹೇಳುವುದು, ಕಾಣದುದನ್ನು ಕಂಡೆನೆನ್ನದಿರುವುದು, ಇದನ್ನು ಫ್ಯಾರಡೆಯು ವಿಜ್ಞಾನದ ಮೊದಲ ಧರ್ಮವೆಂದು ಎಣಿಸಿದನು. 1853ರಲ್ಲಿ ಇಂಗ್ಲೆಂಡಿನ ಮನೆಮನೆಗಳಲ್ಲಿಯೂ ಒಂದು ವಿನೋದವು ಹಬ್ಬಿತ್ತು. ಹಲವರು ಮೇಜಿನ ಸುತ್ತ ಕುಳಿತು ಕೈಯಿಟ್ಟರೆ ಮೇಜು ತಾನಾಗಿ ತಿರುಗುವುದೆಂದೂ, ಅದಕ್ಕೆ ಪ್ರೇತಗಳೋ ಅಜ್ಞಾತ ಶಕ್ತಿಗಳೋ ಕಾರಣವೆಂದೂ ಜನರು ನಂಬಿದ್ದರು. ಫ್ಯಾರಡೆಯು ಅವರನ್ನು ಹಾಸ್ಯಮಾಡಲಿಲ್ಲ, ಪರೀಕ್ಷಿಸಿ ನೋಡಿದನು. ಕೈಗೂ ಮೇಜಿಗೂ ನಡುವೆ ಸುಲಭವಾಗಿ ಜಾರುವ ಪದರಗಳನ್ನು ಇರಿಸಿ, ಮೊದಲು ಚಲಿಸುವುದು ಕೈಯೇ ಹೊರತು ಮೇಜಲ್ಲವೆಂದು ಸ್ಥಾಪಿಸಿದನು. ಕೈಯ ಚಲನೆಯನ್ನು ತೋರಿಸುವ ಮುಳ್ಳೊಂದನ್ನು ಕುಳಿತವರಿಗೆ ಕಾಣುವಂತೆ ನಿಲ್ಲಿಸಿದೊಡನೆ ಮೇಜು ಅಲುಗುವುದೇ ನಿಂತುಹೋಯಿತು. ಅವರು ಮೋಸಗಾರರಲ್ಲ, ತಮಗರಿವಿಲ್ಲದೆಯೇ ನೂಕುತ್ತಿದ್ದರು. ಇದನ್ನು ವೃತ್ತಪತ್ರಿಕೆಯಲ್ಲಿ ಪ್ರಕಟಿಸಿ, ಮರುವರ್ಷ ಮನಸ್ಸಿನ ಶಿಕ್ಷಣವನ್ನು ಕುರಿತು ಉಪನ್ಯಾಸವನ್ನೇ ಕೊಟ್ಟನು. ನಾವು ಬಯಸುವುದು ನಿಜವಾಗಿರಬೇಕೆಂಬ ಆಸೆಯೇ ನಮ್ಮನ್ನು ವಂಚಿಸುವ ದೊಡ್ಡ ಶತ್ರುವೆಂಬುದು ಅದರ ಸಾರ.

ಜನರ ಕಷ್ಟವಿದ್ದಲ್ಲಿಗೆ ವಿಜ್ಞಾನವು ತಾನೇ ನಡೆದುಹೋಗಬೇಕೆಂಬುದಕ್ಕೂ ಈತನ ಬಾಳು ನಿದರ್ಶನವಾಗಿದೆ. 1844ರ ಸೆಪ್ಟೆಂಬರ್ 28ರಂದು ಡರ್‌ಹ್ಯಾಮ್ ಸೀಮೆಯ ಹ್ಯಾಸ್ವೆಲ್ ಎಂಬ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 95 ಮಂದಿ ಗಂಡಸರೂ ಹುಡುಗರೂ ಮಡಿದರು. ವಿಚಾರಣೆಗಾಗಿ ಸರಕಾರವು ಫ್ಯಾರಡೆಯನ್ನೂ ಭೂವಿಜ್ಞಾನಿಯಾದ ಲಯಲನನ್ನೂ ಕಳುಹಿಸಿತು. ಈತನು ಸಾಕ್ಷಿಗಳನ್ನು ಪ್ರಶ್ನಿಸಿದ್ದಲ್ಲದೆ ಗಣಿಯೊಳಕ್ಕೆ ತಾನೇ ಇಳಿದನು. ಅಲ್ಲಿ ಕುಳಿತುಕೊಳ್ಳಲು ಕೊಟ್ಟ ಚೀಲದಲ್ಲಿ ಕೋವಿಮದ್ದು ತುಂಬಿತ್ತೆಂದು ಆಮೇಲೆ ತಿಳಿದು, ತೆರೆದ ದೀಪದ ಬಳಿ ಅದನ್ನಿಟ್ಟಿದ್ದವರ ಅಜಾಗರೂಕತೆಯನ್ನು ಕಂಡು ಬೆರಗಾದನು. ಸ್ಫೋಟಕ್ಕೆ ಗಣಿಯ ಅನಿಲವಷ್ಟೇ ಅಲ್ಲದೆ ಗಾಳಿಯಲ್ಲೇಳುವ ಕಲ್ಲಿದ್ದಲಿನ ಧೂಳಿಯೂ ಕಾರಣವೆಂದು ಈ ಇಬ್ಬರೂ ವರದಿ ಮಾಡಿದರು. ಆ ಎಚ್ಚರಿಕೆಯ ಮಾತಿಗೆ ಬಹುಕಾಲ ಯಾರೂ ಕಿವಿಗೊಡಲಿಲ್ಲ. ತಿಳಿದವನು ಹೇಳಿದರೆ ಸಾಲದು, ಕೇಳಿ ಗ್ರಹಿಸುವಷ್ಟು ವಿಜ್ಞಾನವು ಜನರಲ್ಲಿಯೂ ಅಧಿಕಾರಿಗಳಲ್ಲಿಯೂ ಇರಬೇಕೆಂಬುದು ಇಂಥ ಪ್ರಸಂಗಗಳಿಂದ ವ್ಯಕ್ತವಾಗುತ್ತದೆ.

1836ರಿಂದ 1865ರ ವರೆಗೆ ಈತನು ಇಂಗ್ಲೆಂಡಿನ ಸಮುದ್ರತೀರದ ದೀಪಸ್ತಂಭಗಳಿಗೆ ವಿಜ್ಞಾನದ ಸಲಹೆಗಾರನಾಗಿದ್ದನು. ದೊಡ್ಡ ಎಣ್ಣೆದೀಪಗಳಿಂದೇಳುವ ಆವಿಯು ಗಾಜುಗಳ ಮೇಲೆ ಹನಿಗಟ್ಟಿ ಬೆಳಕು ಮಂಕಾಗುತ್ತಿದ್ದುದನ್ನು ಕಂಡು, ಅದನ್ನು ಹೊರಕ್ಕೆ ಸಾಗಿಸುವ ಕೊಳವೆಯ ಏರ್ಪಾಟನ್ನು ಕಲ್ಪಿಸಿದನು. ಮೇಣದ ಬತ್ತಿಯ ಮೇಲೆ ಹಿಡಿದ ಪಾತ್ರೆಯಲ್ಲಿ ಮಕ್ಕಳು ಕಂಡ ನೀರೂ, ನಾವಿಕರ ದೀಪವನ್ನು ಮಂಕಾಗಿಸುತ್ತಿದ್ದ ನೀರೂ ಒಂದೇ ಎಂಬುದನ್ನು ವಾಚಕರು ಗಮನಿಸಬೇಕು. ಆ ಏರ್ಪಾಟಿನ ಹಕ್ಕನ್ನು ತಾನಿಟ್ಟುಕೊಳ್ಳದೆ ಅಣ್ಣ ರಾಬರ್ಟನಿಗೆ ಬಿಟ್ಟುಕೊಟ್ಟನು; ಷಿಲಿಂಗುಗಳನ್ನು ಕೊಟ್ಟು ಉಪನ್ಯಾಸಕ್ಕೆ ಕಳುಹಿಸಿದ್ದ ಅಣ್ಣನೇ ಆತನು. 1855ರ ಜುಲೈ ತಿಂಗಳಲ್ಲಿ ಥೇಮ್ಸ್ ನದಿಯ ಮೇಲೆ ಹಡಗಿನಲ್ಲಿ ಹೋಗುತ್ತಿದ್ದಾಗ ನೀರಿನ ಹೊಲಸನ್ನು ಕಂಡು, ಬಿಳಿಯ ಕಾಗದದ ತುಂಡುಗಳನ್ನು ತೋಯಿಸಿ ಅಲ್ಲಲ್ಲಿ ನೀರಿಗೆ ಬಿಟ್ಟನು. ಪ್ರಖರವಾದ ಬಿಸಿಲಿದ್ದರೂ ಅವು ಒಂದಂಗುಲದಷ್ಟು ಮುಳುಗುವಷ್ಟರಲ್ಲಿಯೇ ಕಣ್ಮರೆಯಾದುವು. ಈ ಸರಳವಾದ ಪರೀಕ್ಷೆಯನ್ನು ವೃತ್ತಪತ್ರಿಕೆಗೆ ಬರೆದು, ನದಿಯನ್ನು ಅಲಕ್ಷ್ಯ ಮಾಡಿದರೆ ಕೇಡು ತಪ್ಪದೆಂದು ಎಚ್ಚರಿಸಿದನು. ಮೂರು ವರ್ಷಗಳ ತರುವಾಯ, 1858ರ ಬೇಸಗೆಯಲ್ಲಿ, ದುರ್ನಾತವು ಪಾರ್ಲಿಮೆಂಟಿನವರನ್ನೇ ಕಂಗೆಡಿಸಿದಾಗ, ನಗರದ ಕೊಳಚೆ ಕಾಲುವೆಗಳ ಮಹಾಕಾರ್ಯವು ಪ್ರಾರಂಭವಾಯಿತು.

1862ರಲ್ಲಿ ಶಾಲೆಗಳ ಸ್ಥಿತಿಯನ್ನು ವಿಚಾರಿಸುತ್ತಿದ್ದ ಸರಕಾರದ ನಿಯೋಗದ ಮುಂದೆ ವೃದ್ಧನಾದ ಫ್ಯಾರಡೆಯು ಸಾಕ್ಷ್ಯ ನುಡಿದನು. ಪ್ರಾಚೀನ ಭಾಷೆಗಳಿಗೆ ಮೀಸಲಾಗಿದ್ದ ಶಾಲೆಗಳಲ್ಲಿ ವಿಜ್ಞಾನಕ್ಕೆ ಸ್ಥಳವೇ ಇಲ್ಲದಿರುವುದು ದೊಡ್ಡ ಕೊರತೆಯೆಂದೂ, ಸರಳವಾಗಿ ವಿವರಿಸಿ ಪ್ರಯೋಗ ಮಾಡಿ ತೋರಿಸಿದರೆ ಮಕ್ಕಳು ಗ್ರಹಿಸಬಲ್ಲರೆಂದೂ ತನ್ನ ದೀರ್ಘವಾದ ಅನುಭವದಿಂದ ತಿಳಿಸಿದನು. ಹಲವು ವರ್ಷ ಕ್ರಿಸ್ಮಸ್ ರಜದಲ್ಲಿ ಮಕ್ಕಳ ಮುಖಗಳನ್ನು ನೋಡುತ್ತ ನಿಂತವನ ಮಾತು ಅದಾದುದರಿಂದ ಅದಕ್ಕೆ ತೂಕವಿತ್ತು. ಪ್ರೌಢಶಾಲೆಗಳಲ್ಲಿ ವಿಜ್ಞಾನ ಶಾಖೆಯೆಂಬುದು ಇಂದು ಸಹಜವಾಗಿ ಕಂಡರೂ, ಅಂಥವರು ವಾದಿಸಿದುದರಿಂದಲೇ ಅದು ಶಾಲೆಯೊಳಗೆ ಕಾಲಿಟ್ಟಿತು.

ಫ್ಯಾರಡೆಯು ಧನವನ್ನು ಬಯಸಲಿಲ್ಲ. ಕಾರಖಾನೆಗಳವರಿಗೆ ಸಲಹೆ ಕೊಟ್ಟು ಅಪಾರವಾಗಿ ಗಳಿಸಬಹುದಾಗಿದ್ದ ಕಾಲದಲ್ಲಿ ಅದನ್ನು ಬಿಟ್ಟು ಸಂಶೋಧನೆಗೆ ನಿಂತನು. ರಾಯಲ್ ಸೊಸೈಟಿಯ ಅಧ್ಯಕ್ಷಪದವಿಯು ತಾನಾಗಿ ಬಂದಾಗಲೂ ಒಲ್ಲೆನೆಂದನು. 1821ರಲ್ಲಿ ಕೈಹಿಡಿದ ಸಾರಾ ಬಾರ್ನಾರ್ಡಳು ಕೊನೆಯ ವರೆಗೂ ಈತನಿಗೆ ನೆರಳಾಗಿದ್ದಳು. ಮಕ್ಕಳಿಲ್ಲದ ಆ ದಂಪತಿಗಳು ಬಂಧುಗಳ ಹೆಣ್ಣುಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ಪ್ರೀತಿಯಿಂದ ಸಾಕಿದರು. ತಾನು ಸೇರಿದ್ದ ಚಿಕ್ಕ ಕ್ರೈಸ್ತ ಸಭೆಯಲ್ಲಿ ಹಿರಿಯನಾಗಿದ್ದು, ರೋಗಿಗಳನ್ನೂ ಬಡವರನ್ನೂ ಸಂದರ್ಶಿಸುತ್ತಿದ್ದನು. ವಯಸ್ಸಾದಂತೆ ಜ್ಞಾಪಕಶಕ್ತಿಯು ಕುಂದಲು, ಕೆಲಸಗಳನ್ನು ಒಂದೊಂದಾಗಿ ತಾನೇ ಬಿಟ್ಟುಕೊಟ್ಟನು. ವಿಕ್ಟೋರಿಯಾ ರಾಣಿಯು ಹ್ಯಾಂಪ್ಟನ್ ಕೋರ್ಟಿನಲ್ಲಿ ವಾಸಕ್ಕೆ ಕೊಟ್ಟಿದ್ದ ಮನೆಯಲ್ಲಿ 1867ರ ಆಗಸ್ಟ್ 25ರಂದು ಕುರ್ಚಿಯಲ್ಲಿ ಕುಳಿತಂತೆಯೇ ಶಾಂತನಾಗಿ ತೀರಿಕೊಂಡನು. ಹೈಗೇಟ್ ಶ್ಮಶಾನದಲ್ಲಿ ಆಡಂಬರವಿಲ್ಲದ ಒಂದು ಕಲ್ಲು ಈತನ ಸಮಾಧಿಯನ್ನು ಸೂಚಿಸುತ್ತದೆ.

ಪ್ರಿಯ ವಿದ್ಯಾರ್ಥಿನಿಯರೇ, ಈ ಚರಿತ್ರೆಯಿಂದ ನಾವು ಗ್ರಹಿಸಬೇಕಾದುದು ಒಂದೇ. ವಿಜ್ಞಾನವು ಫ್ಯಾರಡೆಗೆ ಇತರರ ಕೈಯಿಂದ ಬಂದಿತು. ಅದನ್ನು ಇತರರ ಕೈಗೆ ಮುಟ್ಟಿಸುವ ವರೆಗೆ ಅದು ತನ್ನದಾಯಿತೆಂದು ಈತನು ಎಣಿಸಲಿಲ್ಲ. ಎಲ್ಲರೂ ಹೊಸ ಸಂಗತಿಗಳನ್ನು ಕಂಡುಹಿಡಿಯಲಾರೆವು. ಆದರೆ ಜೇನ್ ಮಾರ್ಸೆಟ್ಟಳಂತೆ, ತಾನು ಕಷ್ಟಪಟ್ಟು ತಿಳಿದುದನ್ನು ಇನ್ನೊಬ್ಬರಿಗೆ ಸುಲಭವಾಗಿ ತಿಳಿಸುವ ಕಾರ್ಯವು ಯಾರಿಗೂ ಅಸಾಧ್ಯವಲ್ಲ. ನೀರನ್ನು ಏಕೆ ಕುದಿಸಿ ಆರಿಸಿ ಕುಡಿಯಬೇಕೆಂದು ನೆರೆಮನೆಯವರಿಗೆ ಹೇಳಬಲ್ಲಿರಿ. ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಒಲೆ ಹೊತ್ತಿಸಿ ಮಲಗುವುದು ಪ್ರಾಣಕ್ಕೇ ಅಪಾಯವೆಂದು ಅಜ್ಜಿಗೆ ವಿವರಿಸಬಲ್ಲಿರಿ. ಸೂರ್ಯಗ್ರಹಣದ ಕಾರಣವನ್ನು ತಮ್ಮತಂಗಿಯರಿಗೆ ನಿಂಬೆಯ ಹಣ್ಣನ್ನೂ ದೀಪವನ್ನೂ ಹಿಡಿದು ತೋರಿಸಬಲ್ಲಿರಿ. ಹೇಳುವಾಗ ನಿಧಾನವಾಗಿ ಹೇಳಿರಿ, ಮಾಡಿ ತೋರಿಸಿರಿ, ತಿಳಿಯದುದನ್ನು ತಿಳಿಯದೆಂದು ಒಪ್ಪಿಕೊಳ್ಳಿರಿ. ಮೇಣದ ಬತ್ತಿಯ ಉಪನ್ಯಾಸಗಳನ್ನು ಮುಗಿಸುವಾಗ ಆ ವೃದ್ಧ ಬೋಧಕನು ಕೇಳುತ್ತಿದ್ದ ಮಕ್ಕಳು ತಮ್ಮ ಸುತ್ತಲಿನವರಿಗೆ ಬೆಳಕಾಗಲೆಂದು ಹಾರೈಸಿದನು. ನಮ್ಮ ವಿಜ್ಞಾನ ಶಾಖೆಯವರಾದ ನಾವೂ ನಿಮಗೆ ಅದನ್ನೇ ಹಾರೈಸುತ್ತೇವೆ. ಪ್ರಯೋಗಶಾಲೆಯ ಬೀರುವಿನ ಬೀಗದ ಕೈ ಈ ವರ್ಷವೂ ನಿಮಗಾಗಿ ಸಿದ್ಧವಾಗಿದೆ.